ಇಕ್ಕಳದ ಇನ್ನೊಂದು ಹಿಡಿ

ಹುಲ್ಲುಹಾಸಿಗೆಯ ಒಂದು ತುದಿಯನ್ನು ಎಬ್ಬೋ ಹಿಡಿದಿದ್ದ, ಇನ್ನೊಂದನ್ನು ಗೇರ್ಲಿಂಡ. ಅಂಗಳದ ನಡುವೆ ಕೋಳಿಯೊಂದು ಅವನ ಕಾಲಿಗೆ ಅಡ್ಡ ಬಂತು. ಅವನು ಮುಗ್ಗರಿಸಿದ, ಹಾಸಿಗೆಯ ಮೂಲೆ ಕೆಸರಿಗೆ ತಾಗಿತು.

"ಎತ್ತಿ ಹಿಡ್ಕೊಳ್ಳಿ," ಅಂದಳು ಗೇರ್ಲಿಂಡ. "ನೆಂದ್ರೆ ಒಣಗಿಸೋಕೆ ಈ ಊರಲ್ಲಿ ಬಿಸಿಲೆಲ್ಲಿದೆ?"

"ಮೆಲ್ಲಗೆ ಮಾತಾಡು. ನೋಡ್ತಿದಾನೆ."

"ನೋಡ್ಲಿ ಅಂತಾನೇ ಅಲ್ವಾ ಈಗ ಹೊತ್ಕೊಂಡು ಹೋಗ್ತಿರೋದು?"

ಅದು ನಿಜ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಕತ್ತಲಾದ ಮೇಲೆ ಸಾಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರ ಕಣ್ಣಿಗೂ ಬೀಳದಿದ್ದರೆ ಸಾಗಿಸಿಯೂ ದಂಡ. ತೊರೆಯ ಆಚೆ, ಹಿಟ್ಟಿನ ಗಿರಣಿಯ ಬಾಗಿಲಿಗೆ ಒರಗಿಕೊಂಡು ರುದ್ಗರ್ ನಿಂತಿದ್ದ. ಗಂಡ ಹೆಂಡತಿ ಇಬ್ಬರೂ ಮೇಕೆಯ ಕೊಟ್ಟಿಗೆಯೊಳಗೆ ಹೋಗಿ, ಎಬ್ಬೋ ಒಬ್ಬನೇ ಹೊರಗೆ ಬಂದ ಮೇಲೆ ಅವನು ಗಟ್ಟಿಯಾಗಿ ಒಂದು ಸಲ ಕೆಮ್ಮಿದ. ನೋಡಿದ್ದೇನೆ, ಕೇಳಿದರೆ ಸಾಕ್ಷಿ ಹೇಳುತ್ತೇನೆ ಎಂದು ಆ ಕೆಮ್ಮಿನ ಅರ್ಥ. ಆಮೇಲೆ ಬಾಗಿಲು ಹಾಕಿಕೊಂಡ.

ಕೊಟ್ಟಿಗೆಗೆ ಅಗುಳಿ ಇರಲಿಲ್ಲ. ಮಾಡಿಗೆ ಆನಿಸಿದ್ದ, ತುದಿ ಕವಲಾದ ಒಂದು ಹಳೆಯ ಕವೆಗೋಲನ್ನು ತೆಗೆದು ಗೇರ್ಲಿಂಡ ಒಳಗಿನಿಂದ ಬಾಗಿಲಿಗೆ ಒತ್ತು ಕೊಟ್ಟಳು. ಎರಡು ಮೇಕೆಗಳು ಅವಳನ್ನೇ ನೋಡಿದವು. "ಏನ್ ನೋಡ್ತೀರಾ," ಅಂದಳು. "ಇನ್ನು ಮೇಲೆ ನಿಮ್ ಜೊತೆನೇ."

ಎಬ್ಬೋ ಆ ಊರಿನ ಪಾದ್ರಿ, ಗೇರ್ಲಿಂಡ ಅವನ ಹೆಂಡತಿ. ಇಪ್ಪತ್ತೆರಡು ವರ್ಷದಿಂದ ಇದರಲ್ಲಿ ಯಾರಿಗೂ ಅನುಮಾನ ಹುಟ್ಟಿರಲಿಲ್ಲ. ಎಬ್ಬೋನ ಅಪ್ಪನೂ ಪಾದ್ರಿಯೇ. ಮಗನ ಮದುವೆಯನ್ನು ಚರ್ಚಿನ ಬಾಗಿಲಲ್ಲಿ ತಾನೇ ನಿಂತು ಮಾಡಿಸಿದ್ದ. ಅವತ್ತು ಇದೇ ರುದ್ಗರ್ ಕಂಠಮಟ್ಟ ಬಿಯರ್ ಕುಡಿದು, ಕುಣಿದು, ಕುಣಿಯುತ್ತಲೇ ತೊರೆಗೆ ಬಿದ್ದಿದ್ದ. ಮದುಮಗನೇ ಅವನ ಕಾಲು ಹಿಡಿದು ದಡಕ್ಕೆ ಎಳೆದು ಹಾಕಿದ್ದ. ಊರವರು ಅವಳನ್ನು 'ಅಮ್ಮಾವ್ರೇ' ಎನ್ನುತ್ತಿದ್ದರು. ಹೆರಿಗೆಗೆ ಅವಳು ಬೇಕು, ಹೆಣ ತೊಳೆಯಲು ಅವಳು ಬೇಕು, ಗಂಡ ಹೊಡೆದರೆ ಹೇಳಿಕೊಳ್ಳಲು ಅವಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಭಾನುವಾರದ ಬಲಿಪೂಜೆಗೆ ಅವಳು ಸುಟ್ಟ ರೊಟ್ಟಿ ಬೇಕು.

ರಾಜನಿಗೂ ರೋಮಿನ ಪೋಪ್‌ಗೂ ಜಗಳ ಹತ್ತಿದ್ದು ಬಿಷಪ್‌ನ ಕೈಗೆ ಉಂಗುರ, ಕೋಲು ಯಾರು ಕೊಡಬೇಕು ಎಂಬುದಕ್ಕೆ. ಅದು ದೊಡ್ಡವರ ಜಗಳ, ಎಲ್ಲೋ ದೂರದ್ದು. ಗಿರಣಿಯಲ್ಲಿ ಹಿಟ್ಟಿಗೆ ಕಾದು ಕೂತವರಿಗೆ ಅದೊಂದು ಹೊತ್ತು ಕಳೆಯುವ ಮಾತು.

"ರಾಜ ಪೋಪ್‌ಗೆ ಪೀಠ ಬಿಟ್ಟು ಇಳಿ ಅಂದನಂತೆ."

"ಪೋಪ್ ಏನಂದ್ರಂತೆ?"

"ನೀನೇ ಸಿಂಹಾಸನ ಬಿಟ್ಟು ಇಳಿ ಅಂದ್ರಂತೆ."

"ಇಬ್ರೂ ಇಳಿದುಬಿಟ್ರೆ ಕೂರೋರ್ಯಾರು?"

"ನಮ್ ರುದ್ಗರ್ ಇದಾನಲ್ಲ. ಹೆಂಗೂ ಕೂತೇ ಇರ್ತಾನೆ."

ಆ ನಗು ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಎರಡನೇ ವಾರದವರೆಗೆ ನಡೆಯಿತು. ಆ ವಾರ ಹೊಳೆಯಾಚೆಯ ಮಠದಿಂದ ಬೆರ್ನೋ ಎಂಬ ಸನ್ಯಾಸಿ ಪೋಪ್‌ರ ಕಾಗದದ ಪ್ರತಿ ಹಿಡಿದು ಬಂದ. ತೆಳ್ಳಗಿನ, ಮಾತು ಮೃದುವಾದ, ಹಲ್ಲುನೋವಿನ ಮನುಷ್ಯ. ಪಾದ್ರಿಗೆ ಹೆಂಡತಿ ಎಂಬುದಿಲ್ಲ, ಇದ್ದವಳು ಹೆಂಡತಿಯಲ್ಲ ಎಂದು ಕಾಗದ ಹೇಳುತ್ತಿತ್ತು. ಅಂಥವನ ಕೈಯಿಂದ ಪ್ರಸಾದ ತೆಗೆದುಕೊಂಡವರಿಗೂ ಪಾಪದಲ್ಲಿ ಪಾಲು ಎಂದೂ ಹೇಳುತ್ತಿತ್ತು. ಬೆರ್ನೋ ಅದನ್ನು ಚರ್ಚಿನ ಮೆಟ್ಟಿಲ ಮೇಲೆ ಎರಡು ಸಲ ಓದಿದ. ಎಬ್ಬೋ ಅವನ ಕಾಲು ಹಿಡಿಯುವುದೊಂದು ಬಾಕಿ, ಈಸ್ಟರ್ ತನಕ ಸಮಯ ಕೇಳಿದ. ಅಲ್ಲಿಯವರೆಗೆ ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ತನ್ನ ಮಾಡಿನ ಕೆಳಗೆ ಹೆಂಗಸು ಇರುವುದಿಲ್ಲ ಎಂದು ಪವಿತ್ರ ಗ್ರಂಥ ಮುಟ್ಟಿ ಆಣೆ ಮಾಡಿದ. ರುದ್ಗರ್ ಸಾಕ್ಷಿ.

ಎಂಟು ದಿನಕ್ಕೆ ರಾಜನ ಹೊಲಗದ್ದೆಗಳ ಪಾರುಪತ್ಯಗಾರ ಕೂನೋ ಕುದುರೆ ಏರಿ ಬಂದ. ಚರ್ಚು ನಿಂತಿದ್ದು ರಾಜನ ನೆಲದಲ್ಲಿ, ಎಬ್ಬೋನನ್ನು ಪಾದ್ರಿಯಾಗಿ ಕೂರಿಸಿದ್ದು ಕೂನೋನ ಅಪ್ಪ. ಕುದುರೆಯಿಂದ ಇಳಿಯದೆಯೇ ಮಾತಾಡಿದ.

"ರೋಮಿನ ಮಾತು ಕೇಳಿ ಇವತ್ತು ಹೆಂಡ್ತೀನ ಬಿಡೋನು, ನಾಳೆ ರೋಮಿನ ಮಾತು ಕೇಳಿ ರಾಜನ್ನೂ ಬಿಡ್ತಾನೆ. ಅಂಥೋನು ನಂಗೆ ಈ ಚರ್ಚಲ್ಲಿ ಬೇಡ. ನೀವು ಹೆಂಡ್ತಿ ಜೊತೆ ಇದ್ದೀರೋ ಇಲ್ವೋ ಅನ್ನೋದೇ ನೀವು ಯಾರ ಕಡೆ ಅನ್ನೋದಕ್ಕೆ ಗುರುತು, ಗುರುಗಳೇ."

ಎಬ್ಬೋ ಅವನಿಗೂ ಆಣೆ ಮಾಡಿದ. ಪ್ರತಿದಿನ ಮಧ್ಯಾಹ್ನದ ಊಟಕ್ಕೆ ಗೇರ್ಲಿಂಡ ಕಿಟಕಿಯ ಪಕ್ಕ, ದಾರಿಗೆ ಕಾಣುವಂತೆ, ತನ್ನ ಹೆಂಡತಿಯಾಗಿ ಕೂರುತ್ತಾಳೆ ಎಂದು. ಎರಡೂ ಆಣೆಯನ್ನು ಒಂದು ಅಕ್ಷರ ಮುರಿಯದೆ ಉಳಿಸಿಕೊಳ್ಳಬಹುದು ಎಂಬುದು ಅವನ ಲೆಕ್ಕ. ಆ ಲೆಕ್ಕ ಹೊಳೆದ ದಿನ ಅವನು ಸ್ವಲ್ಪ ಗೆಲುವಾಗಿಯೇ ಇದ್ದ.

ಹೀಗೆ ಗೇರ್ಲಿಂಡ ಹಗಲಿಗೆ ರಾಜನ ಕಡೆಯವಳಾದಳು, ಸಂಜೆಗೆ ಪೋಪ್‌ರ ಕಡೆಯವಳಾದಳು. ಕೋಣಗಳೆರಡು ಹೋರಿದರೆ ಗಿಡಕ್ಕೆ ಮೃತ್ಯು ಎನ್ನುತ್ತಾರೆ. ಆ ಗಿಡಕ್ಕಾದರೂ ಅತ್ತ ಇತ್ತ ನಡೆಯುವ ಕೆಲಸ ಇರಲಿಲ್ಲ.

ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಬೇಳೆಗಂಜಿ ಕುಡಿಯುವಾಗ ದಾರಿಯಲ್ಲಿ ಕೂನೋನ ಆಳುಗಳು ಹೋಗುತ್ತಿದ್ದರು, ತಿರುಗಿ ನೋಡುತ್ತಿದ್ದರು. ಎಬ್ಬೋ ಆಗ ಅವಳ ಕಡೆ ಈರುಳ್ಳಿಯನ್ನೋ ಉಪ್ಪನ್ನೋ ಸರಿಸುತ್ತಿದ್ದ. ಮೊದಲೆಲ್ಲ ಊಟಕ್ಕೆ ಕೂತರೆ ಅವನಿಗೆ ಹೆಂಡತಿ ಎದುರಿಗಿರುವುದೂ ನೆನಪಿರುತ್ತಿರಲಿಲ್ಲ. ಈಗ ಹೊಸ ಮದುಮಗನ ಹಾಗೆ ಉಪಚಾರ. ಸಂಜೆ ಅಂಗಳ ದಾಟುವಾಗ ಬೆನ್ನಿಗೆ ರುದ್ಗರನ ಕೆಮ್ಮು. ಆ ಕೆಮ್ಮು ಬರುವವರೆಗೆ ಹೆಜ್ಜೆ ತಾನಾಗಿ ನಿಧಾನವಾಗುವುದನ್ನು ಗಮನಿಸಿ ಒಂದು ದಿನ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಎಬ್ಬೋ ಕೆಟ್ಟವನಲ್ಲ. ಇದನ್ನು ಅವಳು ಮೇಕೆಗಳಿಗೂ ಹೇಳುತ್ತಿದ್ದಳು. ಚಳಿ ಹೆಚ್ಚಾದ ದಿನ ಒಲೆಯಲ್ಲಿ ಕಲ್ಲು ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಕೊಟ್ಟಿಗೆಯ ಬಾಗಿಲ ತನಕ ತಂದು ಹೊಸ್ತಿಲ ಹೊರಗೇ ಇಟ್ಟು ಹೋಗುತ್ತಿದ್ದ. ಐವತ್ತೈದು ವರ್ಷದವನು, ಮಂಡಿನೋವಿನವನು. ಪಾದ್ರಿಯ ಕೆಲಸ ಬಿಟ್ಟರೆ ಬೇರೇನೂ ಬಾರದವನು. ಹೆದರಿಕೆ ಅವನ ಗಡ್ಡದಲ್ಲೇ ಕಾಣುತ್ತಿತ್ತು, ಅಗಿದೂ ಅಗಿದೂ ಒಂದು ಕಡೆ ಸಣ್ಣಗಾಗಿತ್ತು.

ಶನಿವಾರ ಮಾತ್ರ ಅವರಿಬ್ಬರೂ ಹಳೆಯ ಹಾಗೆ ಇರುತ್ತಿದ್ದರು. ಅವತ್ತು ಪೂಜೆಯ ರೊಟ್ಟಿ ಸುಡಬೇಕು. ಅದಕ್ಕೊಂದು ಕಬ್ಬಿಣದ ಇಕ್ಕಳ ಇತ್ತು. ಎರಡು ಉದ್ದನೆಯ ಹಿಡಿ, ತುದಿಯಲ್ಲಿ ಅಂಗೈ ಅಗಲದ ಎರಡು ಬಿಲ್ಲೆ, ಒಂದರ ಒಳಮೈಯಲ್ಲಿ ಕೊರೆದ ಶಿಲುಬೆ. ಕಮ್ಮಾರನಾಗಿದ್ದ ಗೇರ್ಲಿಂಡಳ ಅಪ್ಪ ಪಾದ್ರಿಯ ಮನೆಗೆ ಹೋಗುವ ಮಗಳಿಗೆಂದು ತಾನೇ ಬಡಿದು ಮಾಡಿಕೊಟ್ಟದ್ದು. ಅದನ್ನು ಒಬ್ಬರೇ ಹಿಡಿಯಲು ಆಗುತ್ತಿರಲಿಲ್ಲ, ಅಷ್ಟು ಭಾರ. "ಒಬ್ಬರಿಗೇ ಆಗೋ ಹಾಗೆ ಮಾಡಿದ್ರೆ ಅಳಿಯ ಒಲೆ ಹತ್ರಾನೇ ಬರೋದಿಲ್ಲ," ಎಂದಿದ್ದ ಅಪ್ಪ. ಒಂದು ಹಿಡಿ ಎಬ್ಬೋನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವಳು ಹಿಟ್ಟು ಹೊಯ್ದು ಮುಚ್ಚಿದ ಮೇಲೆ ಬೆಂಕಿಯ ಮೇಲೆ ಹಿಡಿದು ಇಬ್ಬರೂ 'ಪರಲೋಕದ ತಂದೆಯೇ' ಪ್ರಾರ್ಥನೆ ಹೇಳುತ್ತಿದ್ದರು. ಅವನು ಲ್ಯಾಟಿನ್‌ನಲ್ಲಿ, ಅವಳು ಮನೆಮಾತಿನಲ್ಲಿ. ಒಂದು ಪ್ರಾರ್ಥನೆಗೆ ಒಂದು ಮಗ್ಗುಲು ಬೇಯುತ್ತದೆ. ಇಬ್ಬರ 'ಆಮೆನ್' ಒಟ್ಟಿಗೇ ಬೀಳುತ್ತಿತ್ತು, ಆಗ ಮಗುಚುವುದು. ಇಪ್ಪತ್ತೆರಡು ವರ್ಷದಲ್ಲಿ ಅದು ಹಿಂದೆ ಮುಂದೆ ಆದದ್ದೇ ಇಲ್ಲ.

ಈಸ್ಟರ್‌ಗೆ ಮುಂಚಿನ ಶನಿವಾರ, ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು, ಹಬ್ಬದ ರೊಟ್ಟಿ ಸುಡುವಾಗ ಅವಳು ಮಾತು ತೆಗೆದಳು.

"ಉಲ್ಮ್‌ನಿಂದ ಸುದ್ದಿ ಬಂತು. ಉದಾ ಹೇಳಿ ಕಳಿಸಿದಾಳೆ." ಉದಾ ಅವರ ಒಬ್ಬಳೇ ಮಗಳು, ಹೋದ ವರ್ಷ ಉಲ್ಮ್ ಪೇಟೆಯಲ್ಲಿ ಕುದುರೆಯ ಜೀನು ಹೊಲಿಯುವವನಿಗೆ ಕೊಟ್ಟಿದ್ದರು.

"ಏನಂತೆ?"

"ಅಮ್ಮ ಸದ್ಯಕ್ಕೆ ಬರೋದು ಬೇಡ ಅಂತೆ. ಪಾದ್ರಿ ಮಗಳು ಅಂದ್ರೆ ಹಾದರಕ್ಕೆ ಹುಟ್ಟಿದೋಳು ಅಂತ ಅಕ್ಕಪಕ್ಕದೋರು ಆಡ್ಕೊತಿದಾರಂತೆ. ಅಳಿಯನ ಅಂಗಡಿಗೆ ಮಠದೋರ ಕುದುರೆನೇ ಹೆಚ್ಚಲ್ವಾ."

ಗೇರ್ಲಿಂಡಳ ಅಣ್ಣ ಅಪ್ಪನ ಕುಲುಮೆ ನಡೆಸುತ್ತಿದ್ದವನು, ಮನೆ ಚಿಕ್ಕದು ಎಂದು ತಪಸ್ಸುಕಾಲದ ನಡುವೆಯೇ ಹೇಳಿ ಕಳಿಸಿದ್ದ. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಎಷ್ಟು ದೊಡ್ಡದೆಂದು ಗೊತ್ತಿತ್ತು.

"ಒಂದು ಕೇಳ್ತೀನಿ," ಅಂದಳು ಗೇರ್ಲಿಂಡ. "ಹಬ್ಬ ಆದ ಮೇಲೆ ನಾನು ಏನು?"

"ಅಂದ್ರೆ?"

"ಮಧ್ಯಾಹ್ನ ಒಂಥರ, ಸಂಜೆ ಒಂಥರ. ಸಾಯೋತನಕ ಹೀಗೇನಾ?"

"ಸ್ವಲ್ಪ ದಿನ. ಅವರಿಬ್ರಲ್ಲಿ ಒಬ್ರು ಸೋಲ್ಲೇಬೇಕಲ್ಲ. ಆಮೇಲೆ ಎಲ್ಲ ಮುಂಚಿನ ಥರಾನೇ."

"ಪೋಪ್ ಗೆದ್ರೆ?"

ಅವನು ಗಡ್ಡ ಬಾಯಿಗೆ ಹಾಕಿಕೊಂಡ. "ಮನಸ್ಸಲ್ಲಿ ನೀನೇ ನನ್ನ ಹೆಂಡ್ತಿ. ದೇವರಿಗೆ ಗೊತ್ತು."

"ದೇವರಿಗೆ ಗೊತ್ತಿದ್ದು ಸಾಕಾಗಿದೆ. ಊರಿಗೆ ಹೇಳಿ. ಒಂದೇ ಒಂದು ಸಲ ಎಲ್ರೆದುರು ಇವಳು ನನ್ನ ಹೆಂಡ್ತಿ ಅನ್ನಿ. ಯಾರು ಹೊರಗೆ ಹಾಕ್ತಾರೋ ಹಾಕ್ಲಿ. ಗಂಟು ಕಟ್ಕೊಂಡು ನಿಮ್ ಹಿಂದೆ ಬರ್ತೀನಿ. ಭಿಕ್ಷೆ ಬೇಡೋಣ, ತೊಂದ್ರೆ ಇಲ್ಲ. ನಂಗೆ ಮನೆ ಹೋಗುತ್ತೆ ಅಂತ ಭಯ ಇಲ್ಲ ಕಣ್ರೀ. ಆ ಮಾತು ಬರೋದೇ ಇಲ್ವೇನೋ ಅಂತ ಭಯ."

ಮಾತಿನ ನಡುವೆ ಅವರು ಪ್ರಾರ್ಥನೆ ಮರೆತಿದ್ದರು. ಇಕ್ಕಳ ತೆರೆದಾಗ ರೊಟ್ಟಿ ಕಪ್ಪಾಗಿತ್ತು. ಎಬ್ಬೋ ಅದನ್ನು ಉಗುರಿನಿಂದ ಕೆರೆದು ತೆಗೆದು, "ಸಮಯ ಬಂದಾಗ ಹೇಳ್ತೀನಿ," ಅಂದ. ಅವನ ಧ್ವನಿ ಒದ್ದೆಯಾಗಿತ್ತು. ಅವಳು ನಂಬಿದಳು. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಮರುದಿನ ಈಸ್ಟರ್ ಪೂಜೆಗೆ ಊರು ಬಂತು, ಆದರೆ ಒಳಗೆ ಬರಲಿಲ್ಲ. ಹೊಸ ಬಟ್ಟೆ ಉಟ್ಟು ಚರ್ಚಿನ ಬಾಗಿಲ ಹೊರಗೇ ನಿಂತರು. ರುದ್ಗರನ ಎಳೆಯ ಹೆಂಡತಿ ಇರ್ಮಾ ಮೂರು ವಾರದ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಆ ಹೆರಿಗೆಗೆ ಗೇರ್ಲಿಂಡಳನ್ನು ಕರೆದಿರಲಿಲ್ಲ. ಜ್ಞಾನಸ್ನಾನಕ್ಕೆ ಎಬ್ಬೋನನ್ನೂ ಕರೆದಿರಲಿಲ್ಲ. ಹೆಂಡತಿ ಮುಟ್ಟಿದ ಕೈಯ ತೈಲ ಬೇಡವೆಂದು ರುದ್ಗರ್ ತಾನೇ ತೊರೆಯ ನೀರು ಹೊಯ್ದು, ತೈಲದ ಬದಲಿಗೆ ತನ್ನ ಕಿವಿಯ ಗುಗ್ಗೆ ತೆಗೆದು ಮಗುವಿನ ಹಣೆಗೆ ಶಿಲುಬೆ ಬರೆದಿದ್ದ. ಸುತ್ತಲ ಊರುಗಳಲ್ಲಿ ಹೀಗೇ ಮಾಡುತ್ತಿದ್ದಾರೆಂದು ಯಾರೋ ಹೇಳಿದ್ದರಂತೆ. ಅದನ್ನು ಕೇಳಿದ ದಿನ ಎಬ್ಬೋ ಊಟ ಬಿಟ್ಟಿದ್ದ. ಗೇರ್ಲಿಂಡಳಿಗೆ ಅಳುವೂ ನಗುವೂ ಒಟ್ಟಿಗೆ ಬಂದಿತ್ತು.

ಪೂಜೆಯಲ್ಲಿ ಪ್ರಸಾದ ತೆಗೆದುಕೊಂಡವರು ಕೂನೋನ ಮನೆಯ ಮೂವರು. ಬಲಿಪೀಠಕ್ಕೆ ಏರದೆ ಉಳಿದ ರೊಟ್ಟಿಯ ಬುಟ್ಟಿಯನ್ನು ಗೇರ್ಲಿಂಡ ಮನೆಗೆ ಹೊತ್ತು ತಂದಳು. ಹೋಗುವಾಗ ಎಷ್ಟಿತ್ತೋ ಬರುವಾಗಲೂ ಅಷ್ಟೇ ಭಾರ.

ಈಸ್ಟರ್ ಮರುದಿನ ಪಾರುಪತ್ಯಗಾರ ಚರ್ಚಿನ ಅಂಗಳಕ್ಕೆ ಬಂದು ಊರವರ ಜೊತೆ ಮೊಟ್ಟೆ ಒಡೆದು ತಿನ್ನುವುದು ರೂಢಿ. ನಲವತ್ತು ದಿನ ಮೊಟ್ಟೆ ಮುಟ್ಟದ ಬಾಯಿಗಳು. ಗೇರ್ಲಿಂಡ ಬೆಳಿಗ್ಗೆಯೇ ಈರುಳ್ಳಿ ಸಿಪ್ಪೆ ಹಾಕಿ ಎರಡು ಬುಟ್ಟಿ ಮೊಟ್ಟೆ ಕೆಂಪಗೆ ಬೇಯಿಸಿದ್ದಳು. ಕೂನೋ ಬಂದ. ಅವನು ಕುದುರೆಯನ್ನು ಬೇಲಿಗೆ ಕಟ್ಟುವಷ್ಟರಲ್ಲಿ ಗಿರಣಿಯ ಸೇತುವೆ ದಾಟಿ, ದವಡೆಗೆ ಬಟ್ಟೆ ಕಟ್ಟಿಕೊಂಡ ಬೆರ್ನೋ ಕೂಡ ಬಂದ. ಅವನು ಕೊಟ್ಟ ಗಡುವು ಈಸ್ಟರ್ ತನಕ ತಾನೆ.

ಇಬ್ಬರನ್ನೂ ಒಂದೇ ಅಂಗಳದಲ್ಲಿ ಕಂಡು ಎಬ್ಬೋನ ಮುಖ ಸುಣ್ಣವಾಯಿತು.

"ಗುರುಗಳೇ," ಅಂದ ಕೂನೋ, "ನಿಮ್ ಹೆಂಡ್ತೀನ ಕರೀರಿ. ಮೊದಲನೇ ಮೊಟ್ಟೆ ಅವರ ಕೈಯಿಂದಾನೇ ತಗೊಳ್ಳೋದು ನಾನು."

"ಅವರಿಗೆ ಹೆಂಡ್ತಿ ಇಲ್ಲ," ಅಂದ ಬೆರ್ನೋ, ಮೆತ್ತಗೆ, ನೋಯುವ ಹಲ್ಲನ್ನು ಕಾಪಾಡಿಕೊಳ್ಳುತ್ತಾ.

"ಹಾಗಾದ್ರೆ ದಿನಾ ಕಿಟಕಿ ಹತ್ರ ಕೂತು ಗಂಜಿ ಕುಡಿಯೋದು ಏನು, ದೆವ್ವವಾ?"

"ಆ ಹೆಂಗಸು ಮಲಗೋದು ಕೊಟ್ಟಿಗೇಲಿ. ಸಾಕ್ಷಿ ಇದೆ. ಗಿರಣಿಯವರೇ, ಹೇಳಿ."

ರುದ್ಗರ್ ಇಷ್ಟು ದಿನ ಕಾಯುತ್ತಿದ್ದ ಸಮಯ ಬಂದಿತ್ತು, ಆದರೆ ಕೂನೋನ ಸೊಂಟದ ಕತ್ತಿ ನೋಡಿ ಅವನಿಗೆ ಬರೀ ಕೆಮ್ಮು ಬಂತು. ಯಾರೋ ಕಿಸಕ್ಕನೆ ನಕ್ಕರು.

ಎರಡು ಆಣೆಯ ಗುಟ್ಟು ಹೀಗೆ ಬಯಲಾಯಿತು. ಕೂನೋ ನಗಲಿಲ್ಲ. ಬೆರ್ನೋ ಸಿಟ್ಟಾಗಲಿಲ್ಲ. ಇಬ್ಬರೂ ಎಬ್ಬೋನ ಕಡೆ ತಿರುಗಿದರು. ಹುಟ್ಟಿದಂದಿನಿಂದ ಒಬ್ಬರನ್ನೊಬ್ಬರು ಒಪ್ಪದ ಎರಡು ಪಂಗಡದವರು ಅವತ್ತು ಒಂದೇ ಪ್ರಶ್ನೆ ಕೇಳಿದರು. ಬಾಯಿಂದ ಬಂದದ್ದು ಮಾತ್ರ ಕೂನೋನದು.

"ನೀವೇ ಹೇಳಿ. ಎಲ್ರೂ ಕೇಳ್ಲಿ. ಈ ಹೆಂಗಸು ನಿಮಗೆ ಏನಾಗ್ಬೇಕು?"

ಗೇರ್ಲಿಂಡ ಮೊಟ್ಟೆಯ ಬುಟ್ಟಿ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳಿಗೆ ಹೆದರಿಕೆ ಆಗಲಿಲ್ಲ. ಸಮಯ ಬಂತು ಎಂದುಕೊಂಡಳು. ಮನೆಯಲ್ಲಿ ಏನೇನು ಗಂಟು ಕಟ್ಟಬೇಕು ಎಂದು ಒಂದು ಗಳಿಗೆ ಮನಸ್ಸು ಓಡಿತು. ಇಕ್ಕಳ, ಎರಡು ಕಂಬಳಿ, ಹಾಲು ಕೊಡುವ ಮೇಕೆ. ಎಬ್ಬೋ ತಲೆ ಎತ್ತಿ ಅವಳನ್ನು ನೋಡಿದ. ಮುಖ ನೋಡಲಿಲ್ಲ, ಕೈ ನೋಡಿದ. ಉಗುರಿನ ಸಂದಿಯಲ್ಲಿ ಶನಿವಾರದ ಹಿಟ್ಟು ಇನ್ನೂ ಇತ್ತು.

"ಅವಳು," ಅಂದ. "ಅವಳು ಪೂಜೆಗೆ ರೊಟ್ಟಿ ಮಾಡೋಳು."

ಅವಳು ಉಳಿದದ್ದಕ್ಕೆ ಕಾದಳು. ಉಳಿದದ್ದು ಇರಲಿಲ್ಲ.

ಅಂಗಳದಲ್ಲಿ ಎಲ್ಲರೂ ಆ ಮಾತನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿದ್ದಂತಿತ್ತು. ಮೊದಲು ಮಾತಾಡಿದ್ದು ಕೂನೋ. "ಮನೇಲೇ ಇರ್ತಾಳಲ್ಲ? ಓಡಿಸೋದಿಲ್ವಲ್ಲ?"

"ಇರ್ತಾಳೆ."

"ಆಯ್ತು ಮತ್ತೆ. ರೋಮಿನ ಮಾತಿಗೆ ಯಾರನ್ನೂ ಹೊರಗೆ ಹಾಕಿಲ್ಲ ಅಂತ ನಾನು ಮೇಲಕ್ಕೆ ಹೇಳಬಹುದು."

"ಕೆಲಸದವಳಾಗಿ?" ಅಂತ ಬೆರ್ನೋ ಕೇಳಿದ.

ಎಬ್ಬೋ ಹೌದೆಂದು ತಲೆಯಾಡಿಸಿದ.

ಬೆರ್ನೋ ಗೇರ್ಲಿಂಡಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ನೋಟದಲ್ಲಿ ದ್ವೇಷ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ವಯಸ್ಸೂ ಆಗಿದೆ," ಅಂದ. "ಆಗಬಹುದು. ಪಾದ್ರಿಗಳ ಮನೇಲಿ ವಯಸ್ಸಾದ ಕೆಲಸದವಳು ಇರಬಾರದು ಅಂತ ಎಲ್ಲೂ ಹೇಳಿಲ್ಲ."

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ," ಅಂದ ರುದ್ಗರ್. ಈಗ ಅವನಿಗೆ ಮಾತು ಬಂದಿತ್ತು. ಎಲ್ಲರೂ ನಕ್ಕರು. ಇಷ್ಟು ದಿನ ಊರಿನ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಇಳಿದ ನಗು ಅದು. ಕೂನೋ ಮೊದಲ ಮೊಟ್ಟೆ ತೆಗೆದು ಬೆರ್ನೋಗೆ ಕೊಟ್ಟ. ಬೆರ್ನೋ ಹಲ್ಲುನೋವಿನ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ಅಗಿದ. ಇರ್ಮಾ ಕೂಸನ್ನು ಎತ್ತಿಕೊಂಡು ಎಬ್ಬೋನ ಹತ್ತಿರ ಓಡಿ ಬಂದಳು. "ಗುರುಗಳೇ, ಇದಕ್ಕೆ ಸರಿಯಾದ ತೈಲ ಹಚ್ಚಿಕೊಡಿ. ಆ ಗುಗ್ಗೆ ನೆನಸ್ಕೊಂಡ್ರೆ ನಂಗೆ ಹಾಲು ಕುಡಿಸೋಕೇ ಆಗ್ತಿಲ್ಲ," ಎಂದು ಅತ್ತುಬಿಟ್ಟಳು. ಎಬ್ಬೋನ ಕಣ್ಣಲ್ಲೂ ನೀರು ಬಂತು. ತನ್ನ ಊರು ತನಗೆ ವಾಪಸು ಸಿಕ್ಕಿತ್ತು.

"ಏ ಗೇರ್ಲಿಂಡ," ಎಂದು ರುದ್ಗರ್ ಅಂಗಳದ ಆ ಮೂಲೆಯಿಂದ ಕೂಗಿದ. "ಇತ್ತ ಎರಡು ಮೊಟ್ಟೆ ತಾ. ಉಪ್ಪೂ ತಾ."

ಇಪ್ಪತ್ತೆರಡು ವರ್ಷದಲ್ಲಿ ಆ ಬಾಯಿಯಿಂದ ಅವಳ ಹೆಸರು ಬಂದಿರಲಿಲ್ಲ. ಅವನೂ ಬೇಕೆಂದು ಅವಮಾನ ಮಾಡಲು ಕರೆದದ್ದಲ್ಲ. ಪಾದ್ರಿಯೇ ಹೇಳಿದ ಮೇಲೆ ಅಮ್ಮಾವ್ರೇ ಎನ್ನುವುದು ಹೇಗೆ? ಗೇರ್ಲಿಂಡ ಎರಡು ಮೊಟ್ಟೆ ಕೊಟ್ಟಳು, ಉಪ್ಪು ಕೊಟ್ಟಳು. ಕಾಲುಗಳು ತಾವಾಗಿ ನಡೆದಿದ್ದವು. ಹಿಂದಿರುಗಿ ಬರುವಾಗ ಮಾತ್ರ ಅವಳಿಗೆ ಮೈಯೆಲ್ಲ ಸುಟ್ಟಂತಾಯಿತು.

ಮಧ್ಯಾಹ್ನ ಅವಳು ಊರಿನ ಗಡಿಯ ತನಕ ನಡೆದು ಹೋದಳು. ಅಲ್ಲಿ ದಾರಿ ಎರಡಾಗುತ್ತದೆ, ಒಂದು ಉಲ್ಮ್‌ಗೆ, ಇನ್ನೊಂದು ಅಣ್ಣನ ಕುಲುಮೆಗೆ. ಒಂದರ ಕೊನೆಯಲ್ಲಿ ಸದ್ಯಕ್ಕೆ ಬರೋದು ಬೇಡ, ಇನ್ನೊಂದರ ಕೊನೆಯಲ್ಲಿ ಮನೆ ಚಿಕ್ಕದು. ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳು ಅಲ್ಲಿ ತುಂಬ ಹೊತ್ತು ನಿಂತಳು. ಆಮೇಲೆ ಮೇಕೆಗೆ ಹಾಲು ಕರೆಯುವ ಹೊತ್ತಾಯಿತೆಂದು ಹಿಂದಿರುಗಿದಳು.

ಬಂದಾಗ ಎಬ್ಬೋ ಕೊಟ್ಟಿಗೆಯಿಂದ ಹುಲ್ಲುಹಾಸಿಗೆ ಎಳೆದು ತರುತ್ತಿದ್ದ. ಒಬ್ಬನೇ, ಏದುಸಿರು ಬಿಡುತ್ತಾ. ಮುಖ ಬೆಳಗಿತ್ತು.

"ಮುಗೀತು," ಅಂದ. "ಇನ್ನು ಕೊಟ್ಟಿಗೆ ಬೇಡ. ಒಳಗೇ ಮಲಗು. ಯಾರೂ ಏನೂ ಅನ್ನೋ ಹಾಗಿಲ್ಲ."

"ಎಲ್ಲಿ ಮಲಗ್ಲಿ?"

"ಎಲ್ಲಿ ಅಂದ್ರೆ? ಮುಂಚೆ ಎಲ್ಲಿ ಮಲಗ್ತಿದ್ಯೋ ಅಲ್ಲೇ."

"ಅದು ನಿಮ್ ಹೆಂಡ್ತಿ ಮಲಗ್ತಿದ್ದ ಜಾಗ."

ಎಬ್ಬೋ ಹಾಸಿಗೆ ಕೈಬಿಟ್ಟ. "ಗೇರ್ಲಿಂಡ, ಬರೀ ಒಂದು ಮಾತು ಅದು. ಒಂದು ಮಾತಿಂದ ಮನೆ ಉಳೀತು, ಚರ್ಚು ಉಳೀತು, ನೀನೂ ಉಳಿದೆ."

"ನಾನು ಕೇಳಿದ್ದೂ ಬರೀ ಒಂದು ಮಾತೇ."

ಅವನು ಬಾಯಿ ತೆರೆದ. ಏನೋ ಹೇಳಬಹುದಿತ್ತು. ತೊರೆಯಾಚೆ ಗಿರಣಿಯ ಬಾಗಿಲು ತೆರೆದಿರುವುದು ಕಂಡು ಮುಚ್ಚಿಕೊಂಡ. ಗೇರ್ಲಿಂಡ ಹಾಸಿಗೆಯ ಒಂದು ತುದಿ ಹಿಡಿದು ಅಂಗಳದ ಮೇಲೆ ಮತ್ತೆ ಕೊಟ್ಟಿಗೆಯ ಕಡೆಗೆ ಎಳೆಯತೊಡಗಿದಳು. ಹಾಸಿಗೆ ಕೆಸರಿನಲ್ಲಿ ಉದ್ದಕ್ಕೂ ಗೆರೆ ಬಿಟ್ಟಿತು. ರುದ್ಗರ್ ಬಾಗಿಲಲ್ಲಿ ನಿಂತು ನೋಡಿದ. ಅವತ್ತು ಅವನು ಕೆಮ್ಮಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಳಗೆ ಹೋದ.

ಆ ವಾರವೆಲ್ಲ ಅವಳು ಹೊತ್ತು ಹೊತ್ತಿಗೆ ಗಂಜಿ ಮಾಡಿದಳು, ನೆಲ ಗುಡಿಸಿದಳು, ಅವನ ಪೂಜೆಯ ಬಟ್ಟೆ ಒಗೆದಳು. ಮಧ್ಯಾಹ್ನ ಅವನ ಮುಂದೆ ತಟ್ಟೆ ಇಟ್ಟು ತಾನು ಒಲೆಯ ಹತ್ತಿರ ನಿಂತೇ ಉಣ್ಣುತ್ತಿದ್ದಳು. "ಕೂತ್ಕೋ," ಎಂದು ಅವನು ಮೂರು ದಿನ ಹೇಳಿದ, ನಾಲ್ಕನೇ ದಿನ ಬಿಟ್ಟ. ಕಿಟಕಿಯ ಕಡೆ ಈಗ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಶನಿವಾರ ಬಂತು. ನಾಳೆ ಊರಿಗೆ ಊರೇ ಒಳಗೆ ಬರುತ್ತದೆ, ಎರಡರಷ್ಟು ರೊಟ್ಟಿ ಬೇಕು. ಊರವರೆಲ್ಲ ತಮ್ಮ ತಮ್ಮ ಮನೆಯ ಒಳ್ಳೆಯ ಗೋಧಿ ತಂದು ಸುರಿದಿದ್ದರು. ರುದ್ಗರ್ ತಾನೇ ನುಣ್ಣಗೆ ಬೀಸಿ ಕಳಿಸಿದ್ದ. ಗೇರ್ಲಿಂಡ ಹಿಟ್ಟು ಕದಡಿದಳು, ಬೆಂಕಿ ಹದ ಮಾಡಿದಳು, ಅಪ್ಪನ ಇಕ್ಕಳಕ್ಕೆ ಮೇಣ ಸವರಿದಳು. ಎಬ್ಬೋ ಕೈ ಉಜ್ಜಿಕೊಳ್ಳುತ್ತಾ ಒಳಗಿನಿಂದ ಬಂದ. ವಾರದಲ್ಲಿ ಈ ಹೊತ್ತಿಗಾಗಿ ಅವನು ಕಾದಿದ್ದ, ಅದು ಅವನ ನಡಿಗೆಯಲ್ಲೇ ತಿಳಿಯುತ್ತಿತ್ತು. ಒಲೆಯ ಆ ಬದಿಯಲ್ಲಿ ತನ್ನ ಮಣೆ ಹಾಕಿಕೊಳ್ಳಲು ಬಗ್ಗಿದವನು ಹಾಗೇ ನಿಂತ.

ಮಣೆ ಇರುತ್ತಿದ್ದ ಜಾಗದಲ್ಲಿ, ನೆಲಕ್ಕೆ ಬಲವಾಗಿ ಹುಗಿದು, ಕೊಟ್ಟಿಗೆಯ ಕವೆಗೋಲು ನಿಂತಿತ್ತು. ಹಿಡಿಯ ಎತ್ತರಕ್ಕೆ ಸರಿಯಾಗಿ ಕಡಿದಿದ್ದಳು. ಇಕ್ಕಳದ ಇನ್ನೊಂದು ಹಿಡಿ ಅದರ ಕವೆಯಲ್ಲಿ ಕೂತಿತ್ತು.

"ನಾನು ಹಿಡ್ಕೊತೀನಿ," ಅಂದ ಎಬ್ಬೋ.

"ಬೇಡಿ ಗುರುಗಳೇ. ಹಿಡ್ಕೊಳ್ಳೋಕೆ ಇದೆ."

ಅವಳು ಅವನನ್ನು ಎಂದೂ ಹಾಗೆ ಕರೆದಿರಲಿಲ್ಲ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಊರಿನ ಹೆಂಗಸರು ಕರೆಯುವ ಹಾಗೇ ಕರೆದಳು. ಹಿಟ್ಟು ಹೊಯ್ದಳು, ಮುಚ್ಚಿದಳು, ಬೆಂಕಿಯ ಮೇಲೆ ಸರಿಸಿದಳು. ತುಟಿ ಅಲ್ಲಾಡಿಸುತ್ತಾ ಪ್ರಾರ್ಥನೆ ಹೇಳಿಕೊಳ್ಳತೊಡಗಿದಳು.

ಎಬ್ಬೋ ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಅವನ ಬಾಯಿಂದಲೂ ಲ್ಯಾಟಿನ್ ಪ್ರಾರ್ಥನೆ ಮೆಲ್ಲಗೆ ಹೊರಟಿತು, ಇಪ್ಪತ್ತೆರಡು ವರ್ಷದ ಅಭ್ಯಾಸ. ಅವನು ಇನ್ನೂ ಅರ್ಧದಲ್ಲಿರುವಾಗಲೇ ಅವಳು ಇಕ್ಕಳ ಮಗುಚಿದಳು.